ಬಲಕ್ಕ ಅಂದ್ರ ಯಾರ ಬಲಕ್ಕ?

ಗೋಕಾಕದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಮೋಟರ್ ವೈನಿಯ ಅಂಗಡಿ ಹೋದ ತಿಂಗಳು ಮುಚ್ಚಿತು. ಅಯ್ಯೋ ಪಾಪ ಎನ್ನಬೇಡಿ. ವೈನಿ ಗಟ್ಟಿಮುಟ್ಟಾಗಿದ್ದಾರೆ. ಬೆಲ್ಲದ ಬಾಗೇವಾಡಿಯಲ್ಲಿ ಮಗಳ ಮನೆಯ ಪಕ್ಕದಲ್ಲೇ ಒಂದು ಮನೆ ಹಿಡಿದು ಆ ಊರಿನವರ ತಲೆ ತಿನ್ನಲು ಹೋಗಿದ್ದಾರೆ, ಅಷ್ಟೇ. ಪಾಪ ಎನ್ನಬೇಕಾದದ್ದು ಬಾಗೇವಾಡಿಯವರಿಗೆ. ಆದರೆ ಇನ್ನು ಆ ಓಣಿಗೆ ಹೋಗಲು ನನಗೆ ಕಾರಣವೇ ಉಳಿಯಲಿಲ್ಲವಲ್ಲ. ಅದಕ್ಕೇ ಬರೆಯಲು ಕೂತೆ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಫೋನ್ ಹಚ್ಚಿ, "ಯಾರನ್ನ ಕೇಳಿ ಬರದ್ಯೋ?" ಎನ್ನುತ್ತಾರೆ. ಹೆಸರು ಗೊತ್ತಿದ್ದವರೂ ಕಡಿಮೆಯೇ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ಈಕೆ ಶಾಲೆಗೆ ಹೋಗುವ ಹುಡುಗರಿಗೂ ವೈನಿ, ಆ ಹುಡುಗರ ಅಜ್ಜಂದಿರಿಗೂ ವೈನಿ. ಹಣೆಯ ಮೇಲೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೊರಳಲ್ಲಿ ತಾಳಿಯ ಜೊತೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ ಮತ್ತು ಒಂದು ಟೆಸ್ಟರ್. ಹಲ್ಲು ಅರ್ಧ ಉದುರಿದ್ದವು. "ಗೋಕಾಕದಾಗ ಹುಟ್ಟಿ ಕರದಂಟ ತಿನ್ನಾಕ ಬರೂದಿಲ್ಲಲ್ಲೋ, ಏನ್ ಬಾಳೇವು ಇದು!" ಎಂದು ದಿನಕ್ಕೊಮ್ಮೆಯಾದರೂ ಅಲವತ್ತುಕೊಳ್ಳುತ್ತಿದ್ದರು. ಮಾತಾಡಲು ಮಾತ್ರ ಆ ಹಲ್ಲುಗಳ ಕೊರತೆ ಒಂದಿಷ್ಟೂ ಆಗಿರಲಿಲ್ಲ.

ನಾನು ಹುಕ್ಕೇರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಕಾಗದದ ಮೇಲೆ ಮೆಂಟೇನನ್ಸ್ ಸೂಪರ್‌ವೈಸರ್. ಖರೆ ಹೇಳಬೇಕೆಂದರೆ ಲೈಟು, ಫ್ಯಾನು, ಜನರೇಟರು, ತುಂಬಿದ ಗಟಾರು ಎಲ್ಲಕ್ಕೂ ಒಬ್ಬನೇ ಗತಿ. ಹಿತ್ತಲಲ್ಲಿ ಕಟ್ಟಿಗೆಯ ದೊಡ್ಡ ಬಾಯ್ಲರ್ ಇದೆ. ಅಲ್ಲಿಂದ ಬಿಸಿನೀರಿನ ಪೈಪು ಪ್ರತಿ ಮಹಡಿಗೂ ಹೋಗುತ್ತದೆ. ಯಾವ ಮಹಡಿಗೆ ಯಾವಾಗ ನೀರು ಬಿಡಬೇಕೆಂಬುದನ್ನು ಪೈಪಿನ ಮೇಲೆ ಕೂತ ಒಂದು ವಾಲ್ವು ನೋಡಿಕೊಳ್ಳುತ್ತದೆ. ಮನೆಯ ನಳವನ್ನು ನಾವು ಕೈಯಿಂದ ತಿರುಗಿಸುತ್ತೇವಲ್ಲ, ಇದನ್ನು ಚಹಾದ ಬಶಿಯಷ್ಟೂ ಇಲ್ಲದ ಒಂದು ಮೋಟರು ತಿರುಗಿಸುತ್ತದೆ. ಕರೆಂಟು ಇರುವಷ್ಟು ಹೊತ್ತು ಅದು ವಾಲ್ವನ್ನು ತೆರೆದು ಹಿಡಿದಿರುತ್ತದೆ. ಕರೆಂಟು ನಿಂತರೆ ಒಳಗಿನ ಸ್ಪ್ರಿಂಗು ಎಳೆದು ಮುಚ್ಚಿಬಿಡುತ್ತದೆ. ಬಶಿಯಷ್ಟೂ ಇಲ್ಲದ ಈ ಮೋಟರು ಸುಟ್ಟರೆ ಬಾಣಂತಿಯರ ಜಳಕ ನಿಂತಿತು ಎಂದೇ ಲೆಕ್ಕ. ಬಾಣಂತಿಗೆ ಹೊಗೆಯಾಡುವ ನೀರು ಎರೆಯದಿದ್ದರೆ ನಮ್ಮ ಕಡೆಯ ಮುದುಕಿಯರು ಆಸ್ಪತ್ರೆಯನ್ನೇ ಹೊತ್ತು ಹಳ್ಳಕ್ಕೆ ಹಾಕುತ್ತಾರೆ.

ಮೊದಲ ಸಲ ಮೋಟರು ಸುಟ್ಟಾಗ ನಾನು ಇಡೀ ವಾಲ್ವನ್ನೇ ಬದಲಿಸಬೇಕೆಂದು ಗೋಕಾಕಕ್ಕೆ, ಸಣ್ಣ ದೊಡ್ಡ ಮೋಟರು ಮಾರುವ ವೈನಿಯ ಅಂಗಡಿಗೆ ಹೋದೆ. ವೈನಿ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದ್ ಹಲ್ಲ ನೋವಂದ್ರ ದವಡೀನ ತಗಸ್ತೀ ಏನ್ ತಮ್ಮಾ?"

"ಅಲ್ಲ್ರಿ ವೈನಿ, ಹೊಸಾದು ಹಾಕಿದ್ರ ತಲಿ ಬ್ಯಾನಿ ಇರೂದಿಲ್ಲಂತ..."

"ಪೈಪಿನ್ಯಾಗಿನ ನೀರೆಲ್ಲಾ ಖಾಲಿ ಮಾಡಿ, ಗ್ವಾಡಿ ಒಡದು, ಪೈಪ್ ಕೊಯ್ದು, ಮತ್ತ ಬೆಸದು... ಅದು ತಲಿ ಬ್ಯಾನಿ ಅಲ್ಲೇನ? ವಾಲ್ವಿಗೆ ಏನೂ ಆಗಿಲ್ಲ. ಮ್ಯಾಗಿನ ಮೋಟರಷ್ಟ ಸತ್ತೈತಿ. ಎರಡು ಸ್ಕ್ರೂ ಬಿಚ್ಚಿ ತಗೊಂಡ ಬಾ ಹೋಗು. ಸತ್ತದ್ದನ್ನ ನೋಡದ ನಾ ಹೊಸಾದು ಕೊಡೂದಿಲ್ಲ."

ಹುಕ್ಕೇರಿಗೆ ತಿರುಗಿ ಹೋಗಿ ಬಿಚ್ಚಿಕೊಂಡು ಬಂದೆ. ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮುದುಕಿಗೆ ಮನಸ್ಸಿನಲ್ಲೇ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಆ ದಿನ ಅವರು ಮೋಟರು ಆರಿಸಿದ ರೀತಿ ನೋಡಿ ಸಿಟ್ಟೆಲ್ಲ ಇಳಿಯಿತು. ಸುಟ್ಟ ಮೋಟರನ್ನು ಅಂಗೈಯಲ್ಲಿ ಕೂಸಿನ ಹಾಗೆ ಹೊರಳಿಸಿ, ಅದರಿಂದ ಹೊರಬಂದ ಕಡ್ಡಿಯಂಥ ಶಾಫ್ಟನ್ನು ಉಗುರಿನಿಂದ ಸವರಿದರು. "ಮೋಟರಿನ ಮಾರಿ ನೋಡಿ ಮಳ್ಳ ಆಗಬ್ಯಾಡ. ಮಾರಿ ಎಲ್ಲಾವೂ ಒಂದ ಥರ ಇರ್ತಾವು. ಕೊರಳ ನೋಡು. ಇದರ ಕೊರಳು ಒಂದ್ ಬಾಜೂ ಚಪ್ಪಟ ಐತಿ. ದುಂಡ ಕೊರಳಿಂದು ಹಾಕಿದ್ಯೋ, ಅದು ತಾನಷ್ಟ ತಿರುಗತೈತಿ, ವಾಲ್ವ ಕುಂತಲ್ಲೇ ಕುಂತಿರತೈತಿ." ಆಮೇಲೆ ಎಷ್ಟು ವೋಲ್ಟಿನದು, ನಿಮಿಷಕ್ಕೆ ಎಷ್ಟು ಸುತ್ತು ಎಂದೆಲ್ಲ ಕೇಳಿದರು. ಕೊನೆಗೆ ಬಂತು ಅವರ ಖಾಸಾ ಪ್ರಶ್ನೆ.

"ಯಾ ಕಡೆ ತಿರುಗತಿತ್ತು?"

"ಬಲಕ್ಕ್ರಿ."

"ಬಲಕ್ಕ ಅಂದ್ರ ಯಾರ ಬಲಕ್ಕ?"

ನಾನು ಬಾಯಿ ಬಿಟ್ಟೆ. ವೈನಿಗೆ ಖುಷಿಯೋ ಖುಷಿ. ಈ ಪ್ರಶ್ನೆಗೆ ಬಾಯಿ ಬಿಡದ ಗಿರಾಕಿ ಅವರಿಗೆ ಸಿಕ್ಕೇ ಇರಲಿಲ್ಲವಂತೆ. "ನೀವೆಲ್ಲಾ ಒಕ್ಕಲತನದ ಮಂದಿ. ಎತ್ತಿನ ಹಿಂದ ನಿಂತು ಎಡಕಿನ ಎತ್ತು, ಬಲಕಿನ ಎತ್ತು ಅಂತ ಕಲ್ತವರು. ಮೋಟರನೂ ಹಿಂದ ನಿಂತ ನೋಡತೀರಿ. ಮೋಟರ್ ಮಾಡೋ ಕಂಪನಿಯಾಂವ ಮುಂದ ನಿಂತು, ಕೊರಳಿನ ಕಡೆಯಿಂದ ನೋಡಿ ಬರೀತಾನ. ನಿನ್ನ ಬಲಾ ಅವನ ಎಡಾ ಆತೋ ಇಲ್ಲೋ?" ಎಂದು ಸುಟ್ಟ ಮೋಟರನ್ನೇ ನನ್ನ ಮೂಗಿನ ಮುಂದೆ ತಿರುಗಿಸಿ ತೋರಿಸಿದರು. ಮೂಡಲಗಿಯಿಂದ ಹತ್ತರಗಿಯವರೆಗೆ ಮೋಟರು ಕೊಂಡವರೆಲ್ಲ ಈ ಪಾಠ ಕೇಳಿಯೇ ಕೊಂಡವರು. ವೈನಿಯ ಅಂಗಡಿಯಲ್ಲಿ ಮಾಲು ವಾಪಸ್ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. "ನಾ ಕೇಳಿ ಕೊಟ್ಟ ಮ್ಯಾಗ ತಪ್ಪ ಹ್ಯಾಂಗ ಆಗತೈತಿ?" ಎನ್ನುತ್ತಿದ್ದರು. ಸೊಕ್ಕು ಎಂದರೆ ಸೊಕ್ಕೇ. ಆದರೆ ತಪ್ಪು ಆಗುತ್ತಲೂ ಇರಲಿಲ್ಲ.

ಮೋಟರು ಕಟ್ಟಿಕೊಡುವ ಮುಂಚೆ ಇನ್ನೊಂದು ಮಾತು ಕೇಳುತ್ತಿದ್ದರು. "ಕರೆಂಟ್ ಹೋದಾಗ ಇದು ಏನ್ ಮಾಡತೈತಿ?" ಕೆಲವು ವಾಲ್ವುಗಳು ಕರೆಂಟು ಹೋದರೆ ಮುಚ್ಚಿಕೊಳ್ಳುತ್ತವೆ, ಕೆಲವು ತೆರೆದುಕೊಳ್ಳುತ್ತವೆ, ಇನ್ನು ಕೆಲವು ಹೇಗಿದ್ದವೋ ಹಾಗೆಯೇ ನಿಂತುಬಿಡುತ್ತವೆ. ಮೂರಕ್ಕೂ ಬೇರೆ ಬೇರೆ ಮೋಟರು. ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಅವರ ಯಜಮಾನರು ಸುಟ್ಟ ಪಂಪುಗಳಿಗೆ ತಂತಿ ಸುತ್ತುತ್ತ ಕೂತಿರುತ್ತಿದ್ದರು. ಆ ಮಹಾನುಭಾವರು ಮಾತಾಡಿದ್ದನ್ನು ಕೇಳಿದವರಿಲ್ಲ. ವೈನಿ ಹೆಬ್ಬೆರಳನ್ನು ಅತ್ತ ತೋರಿಸಿ, "ನಮ್ಮನಿಯವರು ಮೂರನೇ ಜಾತಿ. ಕರೆಂಟ್ ಬರಲಿ, ಹೋಗಲಿ, ಕುಂತಲ್ಲೇ" ಎನ್ನುತ್ತಿದ್ದರು. ಒಳಗಿಂದ ಒಂದು ಸಣ್ಣ ಕೆಮ್ಮು ಬರುತ್ತಿತ್ತು.

ವೈನಿಗೆ ಮೋಟರಿನಷ್ಟೇ ದೊಡ್ಡ ಇನ್ನೊಂದು ಹುಚ್ಚಿತ್ತು. ಕನ್ಯಾ ನೋಡುವುದು, ವರ ನೋಡುವುದು. ಪುಕ್ಕಟೆ ಸೇವೆ. ಪಂಪಿನ ಬುಷ್ ಕೇಳಲು ಬಂದ ರೈತನಿಗೆ ಬುಷ್ ಕೊಡುತ್ತ ಅವನ ಮಗಳ ವಯಸ್ಸು ಕೇಳಿಕೊಳ್ಳುತ್ತಿದ್ದರು. ಎರಡೂ ಕೆಲಸಕ್ಕೆ ಪ್ರಶ್ನೆಗಳು ಮಾತ್ರ ಅವೇ. "ಕರೆಂಟ್ ಹೋದಾಗ ಹುಡುಗ ಏನ್ ಮಾಡತಾನ?" ಮನೆಯವರು ಏನೂ ತಿಳಿಯದೆ ಮುಖ ಮುಖ ನೋಡುತ್ತಿದ್ದರು. ಹತ್ತರಗಿಯ ಕಡೆಯಿಂದ ಹೆದ್ದಾರಿಯ ಮೇಲೆ ಹೋಟೆಲ್ ಇಟ್ಟ ಮನೆತನದ ಹುಡುಗನೊಬ್ಬ ಬಂದಿದ್ದ. ಭಾಳ ಶಾಂತ ಸ್ವಭಾವ, ಬಾಯಾಗ ಬೆರಳಿಟ್ರೂ ಕಚ್ಚೂದಿಲ್ಲ ಎಂದು ಅವನ ಸೋದರಮಾವ ಹೊಗಳಿದ. ವೈನಿ ಇಬ್ಬರಿಗೂ ಚಹಾ ತರಿಸಿದರು. ಬಿರುಬೇಸಿಗೆ. ಹುಡುಗ ಬಶಿಗೆ ಬಾಯಿಟ್ಟನೋ ಇಲ್ಲವೋ, ಫ್ಯಾನು ನಿಂತಿತು. ಹುಡುಗ ಮೊದಲು ಕರೆಂಟಿನವರ ತಾಯಿಯನ್ನು ನೆನೆದ, ಆಮೇಲೆ ತಂಗಿಯರನ್ನು, ಕೊನೆಗೆ ಚಹಾ ತಂದವನನ್ನು ಕೂಡ ಬಿಡಲಿಲ್ಲ. ವೈನಿ ತಣ್ಣಗೆ ಹೇಳಿದರು: "ಈ ಮೋಟರ ನಮಗ ಬ್ಯಾಡ್ರಿ." ಅವರು ಹೋದ ಮೇಲೆ ಹಿಂದಿನ ಕೋಣೆಯಿಂದ ಯಜಮಾನರು ಫ್ಯೂಸು ತಿರುಗಿ ಹಾಕಿದರು.

ಈ ಕಥೆಯನ್ನು ವೈನಿ ನನಗೆ ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದರು. ನಾನೂ ನಕ್ಕಿದ್ದೆ. ನನ್ನ ತಲೆಗೆ ಏನೂ ಹೊಳೆದಿರಲಿಲ್ಲ.

ನನ್ನ ಕಥೆ ಬೇರೆಯೇ ಇತ್ತು. ವಯಸ್ಸು ಏರುತ್ತಿತ್ತು, ಕೂದಲು ಇಳಿಯುತ್ತಿತ್ತು, ಕನ್ಯಾ ಸಿಗುತ್ತಿರಲಿಲ್ಲ. ಹುಡುಗಿ ಮನೆಯವರಿಗೆ ನನ್ನ ಪಗಾರ ಕೇಳಿದ ಕೂಡಲೇ ಬೇರೆ ಕೆಲಸ ನೆನಪಾಗುತ್ತಿತ್ತು. ಮನೆಯಲ್ಲಿ ಅವ್ವ ಸೊಸೆಗೆಂದು ತೆಗೆದಿಟ್ಟ ಸೀರೆಯನ್ನು ಬಿಸಿಲಿಗೆ ಹಾಕುವುದು, ಮಡಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ವೈನಿ ಒಂದು ದಿನ, "ಸುಮ್ನಿರು, ನಿನಗ ಹೊಂದೂದು ನನ್ನ ಕಪಾಟಿನ್ಯಾಗ ಐತಿ, ಹುಡುಕಬೇಕಷ್ಟ" ಎಂದರು.

ಹುಡುಕಿದ್ದು ಮೂಡಲಗಿಯಲ್ಲಿ. ಬೆಲ್ಲದ ವ್ಯಾಪಾರದ ಮನೆ, ಇಬ್ಬರು ಹೆಣ್ಣುಮಕ್ಕಳು. ಹಿರಿಯಾಕೆಯನ್ನು ನಮ್ಮ ಹುಕ್ಕೇರಿಗೇ ಕೊಟ್ಟಿದ್ದರು. ಕಿರಿಯಾಕೆ ಮೂಡಲಗಿಯ ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಮಾತುಕತೆ ಶುರುವಾಗುವ ಹೊತ್ತಿಗೆ ಹಿರಿಯಾಕೆ ಎರಡನೆಯ ಹೆರಿಗೆಗೆ ನಮ್ಮ ಆಸ್ಪತ್ರೆಗೇ ಬಂದಳು. ಕೂಸಿಗೆ ಕಾಮಾಲೆ ಕಂಡಿತೆಂದು ಲೇಡಿ ಡಾಕ್ಟರು ಬಿಡದೆ ಇರಿಸಿಕೊಂಡರು. ಆರೈಕೆಗೆ ತಾಯಿ ಮೂಡಲಗಿಯಿಂದ ಬಂದು ವಾರ್ಡಿನಲ್ಲಿ ಠಿಕಾಣಿ ಹೂಡಿದರು. ಆ ತಾಯಿ ವೈನಿಗೆ ಫೋನ್ ಮಾಡಿ ಹೇಳಿದ್ದನ್ನು ವೈನಿ ನನಗೆ ಹಾಗೆಯೇ ಒಪ್ಪಿಸಿದರು:

"ಮಂದಿ ಮಾತ ಕೇಳಿ ಮಗಳನ್ನ ಕೊಡೂದಿಲ್ಲಂತ. ನಿನ್ನ ಕೆಲಸ ಆಕಿ ಕಣ್ಣಾರೆ ನೋಡತಾಳಂತ. ದೊಡ್ಡಾಕಿ ದವಾಖಾನಿ ಬಿಡೂತನಕ ದಿನಾ ಮುಂಜಾನಿ ನಳದಾಗ ಕಾದ ನೀರ ಬರಬೇಕಂತ. ಒಂದ್ ದಿನ ತಣ್ಣೀರ ಬಂತಂದ್ರ, ಸಣ್ಣಾಕಿ ಸುದ್ದಿ ಎತ್ತಬಾರದಂತ. ತಿಳೀತಿಲ್ಲೋ?"

"ಅಲ್ಲ್ರಿ ವೈನಿ, ಇದೆಂಥಾ ಪರೀಕ್ಷಾ?"

"ಅಡ್ಡಿ ಇಲ್ಲ ಅಂತ ನಾನ ಹೇಳೇನಿ. ನಿನ್ನ ಲಗ್ನ ಈಗ ಬಾಯ್ಲರಿನ ಮ್ಯಾಲ ಐತಿ. ಹೋಗು, ಕಟ್ಟಿಗಿ ಹಾಕು."

ಹಾಕಿದೆ. ಬೆಳಗಾಗುವ ಮುಂಚೆಯೇ ಎದ್ದು ಹಾಕಿದೆ. ನೀರು ಹೊಗೆಯಾಡುತ್ತ ಬಂತು. ವಾರ್ಡಿನ ಮುಂದೆ ಹಾಯುವಾಗ ಮೂಡಲಗಿಯ ಅವ್ವ ನನ್ನನ್ನು ನೋಡಿಯೂ ನೋಡದಂತೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ರಜೆ ಹಾಕಿ ಬಂದು ಅಕ್ಕನ ಮನೆಯಿಂದ ಬುತ್ತಿ ತರುತ್ತಿದ್ದ ಕಿರಿಯಾಕೆ ಮಾತ್ರ ಒಂದು ದಿನ ತುಟಿ ಕಚ್ಚಿಕೊಂಡು ನಕ್ಕಳು. ಆ ನಗು ಕಂಡ ಮೇಲೆ ನನಗೆ ನಿಜಕ್ಕೂ ಹೆದರಿಕೆ ಹತ್ತಿತು. ಅಲ್ಲಿಯವರೆಗೆ ಸಿಕ್ಕರೆ ಸಿಕ್ಕಿತು ಎಂದುಕೊಂಡಿದ್ದೆ. ಈಗ ಬೇಕೇ ಬೇಕು ಎನಿಸಿತು.

ಹಿರಿಯಾಕೆ ಕೂಸಿನೊಡನೆ ಮನೆಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ, ಬಾಣಂತಿಯರ ಮಹಡಿಯ ಮೋಟರು ಸುಟ್ಟಿತು. ಎಂಥಾ ಮುಹೂರ್ತ ನೋಡಿ ಅದಕ್ಕೆ! ಬಿಚ್ಚಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಮೋಟರಿನ ಮೇಲಿನ ಚೀಟಿ ಕಾವಿಗೆ ಕರಕಲಾಗಿತ್ತು, ಅಕ್ಷರ ಕಾಣುತ್ತಿರಲಿಲ್ಲ. ವೈನಿ ಅದನ್ನು ಕೈಗೆ ತೆಗೆದುಕೊಂಡರು, ಆದರೆ ಅವರ ಧ್ಯಾನವೆಲ್ಲ ಲಗ್ನದ ಮೇಲೆ.

"ನಾಳಿ ಒಂದ್ ದಿನ ದಾಟಿಸು. ನಾಡದು ಬೀಗರ ಮನ್ಯಾಗ ಕುಂತು ಅವಲಕ್ಕಿ ತಿನ್ನತಿ. ಕೊರಳು ಚಪ್ಪಟ... ಹಾಂ, ಇದ. ಹುಡುಗಿ ನಕ್ಕಳಂತಿ? ಎಷ್ಟ ನಕ್ಕಳು? ಹಲ್ಲ ಕಂಡುವೇನು? ಯಾ ಕಡೆ ತಿರುಗತಿತ್ತೋ ಇದು?"

"ಬಲಕ್ಕ್ರಿ. ಹಲ್ಲ ಕಾಣಲಿಲ್ಲರಿ, ತುಟಿ ಕಚ್ಚಿಕೊಂಡಿದ್ಲು."

"ತುಟಿ ಕಚ್ಚಿಕೊಂಡಳಂದ್ರ ಆತ ಬಿಡು! ಕೆಲಸ ಆದಂಗ!" ಎಂದು ಬಲಕ್ಕೆ ತಿರುಗುವ ಮೋಟರನ್ನು ಕಟ್ಟಿ ಕೈಗಿಟ್ಟರು. ಯಾರ ಬಲಕ್ಕ ಎಂದು ಕೇಳಲಿಲ್ಲ. ಅದನ್ನು ಮರೆತರು ಎಂದು ನನಗೂ ಹೊಳೆಯಲಿಲ್ಲ.

ಸಂಜೆ ಮೋಟರು ಕೂಡಿಸಿದೆ. ಸ್ವಿಚ್ ಹಾಕಿದಾಗ ಗುಂಯ್ ಎಂದಿತು, ದೀಪ ಹತ್ತಿತು. ಬಾಯ್ಲರ್ ತಣ್ಣಗಿತ್ತು, ನೀರು ಬಿಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಮರುದಿನ ಮುಂಜಾನೆ ಬಾಯ್ಲರ್ ಕೊತಕೊತ ಕುದಿಯುತ್ತಿರುವಾಗ ಮೇಲಿನಿಂದ ಮೂಡಲಗಿಯ ಅವ್ವನ ದನಿ ಬಂತು.

"ಯಾರೈದೀರಿ ಅಲ್ಲೇ? ನಳದಾಗ ಮಂಜಿನಂಥಾ ನೀರ ಒಂದೀಟ ಬಂದು ನಿಂತಾವು!"

ಓಡಿ ಹೋಗಿ ನೋಡಿದೆ. ಮೋಟರು ಪಾಪ ಶಕ್ತಿಮೀರಿ ದುಡಿಯುತ್ತಿದೆ. ಆದರೆ ತೆರೆಯುವ ಬದಲು, ಮುಚ್ಚಿದ ವಾಲ್ವನ್ನೇ ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದೆ! ವೈನಿಗೆ ಫೋನ್ ಹಚ್ಚಿದೆ.

"ನೀ ನಿನ್ನಿ ಬಲಕ್ಕ ಅಂದ್ಯಲ್ಲಾ, ಎಲ್ಲಿ ನಿಂತ ನೋಡಿದ್ದಿ?"

"ಹಿಂದರಿ. ಅದು ಪೈಪಿನ ಮ್ಯಾಲ ಬೋರಲ ಕುಂತಿರತೈತ್ರಿ, ಹಿಂದಿಂದಷ್ಟ ಕಾಣತೈತಿ."

ವೈನಿ ಎರಡೇ ಮಾತಿನಲ್ಲಿ ಫೋನ್ ಇಟ್ಟದ್ದು ಅದೇ ಮೊದಲು: "ನಾ ಬರ್ತೇನಿ."

ಬರುವವರೆಗೆ ಏನು ಮಾಡುವುದು? ನನ್ನ ಲಗ್ನವಂತೂ ಮುಗಿದ ಅಧ್ಯಾಯ ಎಂದುಕೊಂಡೆ. ಆದರೆ ಆ ಮಹಡಿಯಲ್ಲಿ ಮೂಡಲಗಿಯ ಮಗಳೊಬ್ಬಳೇ ಇರಲಿಲ್ಲ, ಎಲ್ಲ ಹಾಸಿಗೆಗಳಲ್ಲೂ ಬಾಣಂತಿಯರು. ಬಾಯ್ಲರಿನ ಬುಡದ ನಳಕ್ಕೆ ಬಕೆಟು ಹಿಡಿದೆ. ಎರಡೂ ಕೈಯಲ್ಲಿ ಎರಡು ಬಕೆಟು, ಮೆಟ್ಟಿಲು ಹತ್ತು, ಸುರುವು, ಇಳಿ, ಮತ್ತೆ ತುಂಬು. ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ಹೋಯಿತು. ನರ್ಸಮ್ಮ ಬೈದಳು, ಮೂಡಲಗಿಯ ಅವ್ವ ಬೈದರು, ನೆಲ ಒರೆಸುವಾಕೆಯೂ ತನ್ನ ಪಾಲು ಬೈದಳು. ನಾನು, "ಹೌದ್ರಿ, ತರಾಕತ್ತೇನಿ, ತಡೀರಿ" ಎನ್ನುತ್ತಲೇ ಹೊತ್ತೆ. ನಡುವೆ ಯಾರೋ ಒಂದು ಬಕೆಟಿನ ಹಿಡಿಕೆಗೆ ಕೈ ಹಾಕಿದರು. ನೋಡಿದರೆ ಕಿರಿಯಾಕೆ. "ಒಂದ್ ಇಲ್ಲೆ ಕೊಡ್ರಿ, ಬಿದ್ದಗಿದ್ದೀರಿ" ಎಂದಳು. ಅಷ್ಟೇ ಅಂದದ್ದು. ಆಮೇಲೆ ಮೆಟ್ಟಿಲು ಅಷ್ಟೊಂದು ಎತ್ತರ ಎನಿಸಲಿಲ್ಲ.

ವೈನಿ ಬಂದರು. ಸಂತೆಯ ದಿನ, ಅಂಗಡಿ ತುಂಬ ಗಿರಾಕಿಗಳನ್ನು ಬಿಟ್ಟು, ಕೈಚೀಲದಲ್ಲಿ ಎಡಕ್ಕೆ ತಿರುಗುವ ಮೋಟರು ಇಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ನೇರವಾಗಿ ಮೂಡಲಗಿಯ ಅವ್ವನ ಮುಂದೆ ನಿಂತರು. ಅವರು ಹೇಳಿದ್ದನ್ನು ಗೋಕಾಕದವರು ಯಾರೂ ನಂಬುವುದಿಲ್ಲ.

"ಯವ್ವಾ, ತಪ್ಪ ನಂದು. ಹುಡುಗಂದಲ್ಲ. ಕೇಳಬೇಕಾದ ಮಾತ ನಾ ಕೇಳಲಿಲ್ಲ. ಉಲ್ಟಾ ಮೋಟರ ಕೊಟ್ಟೆ."

ಎಲ್ಲರ ಮುಂದೆ ಮೋಟರಿನ ಮಾತಿನಲ್ಲಿ ಆ ಹೆಂಗಸು ತಲೆ ತಗ್ಗಿಸಿದ್ದು ನನಗಾಗಿ. ಮೂಡಲಗಿಯ ಅವ್ವ ಕೂಸನ್ನು ಕಾಲ ಮೇಲಿಂದ ಎತ್ತಿ ಅರಿವೆಯಲ್ಲಿ ಸುತ್ತಿದರು. ನಿಧಾನವಾಗಿ ಸುತ್ತಿದರು. ಆಮೇಲೆ ತಲೆ ಎತ್ತಿದರು.

"ಎಡಾ-ಬಲಾ ನನಗೇನ್ ತಿಳೀತೈತ್ರಿ ವೈನಿ? ನೀವ ಅವತ್ತ ಫೋನಿನ್ಯಾಗ ಹೇಳಿದ್ರಲ್ಲಾ, ಕರೆಂಟ್ ಹೋದಾಗ ಹುಡುಗ ಏನ್ ಮಾಡತಾನ ನೋಡ್ರಿ ಅಂತ. ಮುಂಜಾನಿಂದ ಅದನ್ನ ನೋಡಾಕತ್ತೇನಿ. ನಳ ಬಂದ್ ಆತು, ನಿಮ್ಮ ಹುಡುಗ ಬಂದ್ ಆಗಲಿಲ್ಲ."

ವೈನಿ ನನ್ನ ಕಡೆ ತಿರುಗಿ, "ನಿಂತ ಏನ್ ನೋಡತಿ? ಅತ್ತಿ ಕಾಲಿಗೆ ಬೀಳು, ಆಮ್ಯಾಲ ಮೋಟರ ಹಾಕು" ಎಂದರು. ಎರಡನ್ನೂ ಮಾಡಿದೆ. ಉಲ್ಟಾ ಮೋಟರನ್ನು ವೈನಿ ತಿರುಗಿ ಚೀಲಕ್ಕೆ ಹಾಕಿಕೊಂಡರು.

ಲಗ್ನ ಮೂಡಲಗಿಯಲ್ಲೇ ಆಯಿತು. ಮಂಟಪದಲ್ಲಿ ಲಗ್ನ ಮಾಡಿಸುವ ಅಯ್ಯನವರು, "ಹುಡುಗೀನ್ನ ಬಲಕ್ಕ ಕುಂಡ್ರಸ್ರಿ" ಎಂದರೋ ಇಲ್ಲವೋ, ಮುಂದಿನ ಸಾಲಿನಿಂದ ಗಟ್ಟಿ ದನಿಯೊಂದು ಎದ್ದಿತು: "ಬಲಕ್ಕ ಅಂದ್ರ ಯಾರ ಬಲಕ್ಕ?" ಅರ್ಧ ಮಂಟಪ ವೈನಿಯ ಗಿರಾಕಿಗಳೇ. ನಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಯ್ಯನವರು ನನಗೆ ಎದುರಾಗಿ ಕೂತು ತಮ್ಮ ಬಲವನ್ನೇ ತೋರಿಸಿದ್ದರು, ನನ್ನ ಬಲವನ್ನಲ್ಲ. ಹೆಂಡತಿಯನ್ನು ಎಬ್ಬಿಸಿ ನನ್ನ ಬಲಕ್ಕೆ ಕೂಡಿಸಿದರು.

ಅಂಗಡಿ ಮುಚ್ಚುವ ದಿನ ನಾವಿಬ್ಬರೂ ಗೋಕಾಕಕ್ಕೆ ಹೋಗಿದ್ದೆವು. ಕಪಾಟುಗಳು ಬರಿದಾಗಿದ್ದವು. "ನಿಮಗ ಇದಷ್ಟ ಇಟ್ಟೇನಿ" ಎಂದು ವೈನಿ ಆ ಉಲ್ಟಾ ಮೋಟರನ್ನು ನನ್ನ ಹೆಂಡತಿಯ ಉಡಿಗೆ ಹಾಕಿದರು. "ಈ ಅಂಗಡಿಗೆ ವಾಪಸ್ ಬಂದ ಮಾಲು ಇದೊಂದ ನೋಡವ್ವಾ. ಜ್ವಾಕಿ ಮಾಡು." ನಗಿಸಬೇಕೆಂದು ಹೇಳಿದ ಮಾತು, ಆದರೆ ಯಾರೂ ನಗಲಿಲ್ಲ. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡಳು. ಆ ಹೊತ್ತಿನಲ್ಲೇ ದೀಪ ಹೋಯಿತು, ಫ್ಯಾನು ನಿಂತಿತು.

ಆ ಅಂಗಡಿಯಲ್ಲಿ ನಾನಿದ್ದಾಗ ಕರೆಂಟು ಹೋಗುವುದು ಹೊಸದೇನಲ್ಲ. ರೂಢಿಯ ಹಾಗೆ ಫೋನಿನ ಬೆಳಕು ಹಚ್ಚಿ ವೈನಿಯ ಮುಂದೆ ಹಿಡಿದು, ಇನ್ನೊಂದು ಕೈಯಿಂದ ಒಂದು ರಟ್ಟು ತೆಗೆದುಕೊಂಡು ಅವರಿಗೆ ಗಾಳಿ ಹಾಕತೊಡಗಿದೆ. ವೈನಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅರ್ಧ ಹಲ್ಲಿನ ಬಾಯಿ ಪೂರ್ತಿ ತೆರೆದು ನಗಲು ಶುರು ಮಾಡಿದರು. ಹಿಂದಿನ ಕೋಣೆಯ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅವರ ಕೈಯಲ್ಲಿ ಫ್ಯೂಸು ಇತ್ತು.

ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಾ ಫ್ಯೂಸ್ ತಗದಾಗ ಪ್ರತೀ ಸಲಾನೂ ಹಿಂಗ ಮಾಡತಿದ್ದ ನೋಡವ್ವಾ," ಎಂದು ನನ್ನ ಹೆಂಡತಿಗೆ ಹೇಳಿದರು. "ಇನ್ನೂ ಅದ ಜಾತಿ ಅದಾನ."